ಪರದೇಶದಲ್ಲಿ ಫ್ಲೂ ಹಬ್ಬಿದಾಗ: ಮೊದಲ 48 ಗಂಟೆಗೆ ಊರಿನಿಂದಲೇ ತಯಾರಿ

ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಅನ್ನುವ ಗುಳಿಗೆ ಜ್ವರ ಶುರುವಾದ 48 ಗಂಟೆಯೊಳಗೆ ಹೊಟ್ಟೆಗೆ ಬಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾದಷ್ಟೂ ಉಪಯೋಗ ಕಮ್ಮಿ. ಕಾರವಾರದಲ್ಲೋ ಶಿರಸಿಯಲ್ಲೋ ಇದ್ದಾಗ 48 ಗಂಟೆ ಅಂದರೆ ಬೇಕಾದಷ್ಟು ಹೊತ್ತು. ಬೆಳಿಗ್ಗೆ ಮೈ ಕಾದರೆ ಸಂಜೆಯೊಳಗೆ ಗುರುತಿನ ಡಾಕ್ಟರ ಎದುರು ಕೂತಿರುತ್ತೇವೆ. ಚೀಟಿ ಹಿಡಿದು ಪಕ್ಕದ ಮೆಡಿಕಲ್‌ಗೆ ಹೋದರೆ ಕೆಲಸ ಮುಗಿಯಿತು. ಅದೇ ಸೌದಿಯ ದಮ್ಮಾಮಿನ ಕಾರ್ಮಿಕರ ಕ್ಯಾಂಪಿನಲ್ಲೋ, ಜರ್ಮನಿಯ ಹಾಸ್ಟೆಲಿನಲ್ಲೋ, ನ್ಯೂಜೆರ್ಸಿಯ ಮಗನ ಮನೆಯಲ್ಲೋ ಜ್ವರ ಬಂತು ಅನ್ನಿ. ಇನ್ಶೂರೆನ್ಸ್ ಕಾರ್ಡ್ ಎಲ್ಲಿಟ್ಟಿದ್ದೆ, ಯಾವ ಕ್ಲಿನಿಕ್ಕಿಗೆ ಹೋಗಬೇಕು, ರಜೆ ಯಾರಿಗೆ ಕೇಳಬೇಕು ಅಂತ ತಡಕಾಡುವುದರಲ್ಲೇ ಆ ಎರಡು ದಿನ ಕಳೆದಿರುತ್ತದೆ.

ಹಾಗಾಗಿ ಈ ಬರಹದ ದೊಡ್ಡ ಭಾಗ ಹೊರಡುವ ಮೊದಲಿನ ಕೆಲಸದ್ದೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಹೋಗುವವರೂ ಒಂದೇ ಥರದವರಲ್ಲ. ಭಟ್ಕಳ, ಹೊನ್ನಾವರದ ಕಡೆಯವರು ಗಲ್ಫಿಗೆ ಹೋಗುತ್ತಾರೆ. ಕಾರವಾರ, ಅಂಕೋಲಾದ ಎಷ್ಟೋ ಹುಡುಗರು ಹಡಗಿನಲ್ಲಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಪ್ಪ ಅಮ್ಮಂದಿರು ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೋ ಯುರೋಪಿಗೋ ಹೋಗಿ ತಿಂಗಳುಗಟ್ಟಲೆ ಇರುತ್ತಾರೆ. ಓದುವಾಗ ನಿಮಗೆ ಬೇಕಾದ್ದನ್ನು ಹೆಕ್ಕಿಕೊಳ್ಳಿ.

1. ಹೋಗುವ ದೇಶದ ಫ್ಲೂ ಕಾಲ ತಿಳಿದುಕೊಳ್ಳಿ

ನಮ್ಮಲ್ಲಿ ಫ್ಲೂ ಜೋರಾಗುವುದು ವರ್ಷಕ್ಕೆ ಎರಡು ಸಲ. ಜನವರಿಯಿಂದ ಮಾರ್ಚ್‌ವರೆಗೆ ಒಂದು ಸಲ, ಮಳೆಗಾಲದ ಕೊನೆಗೆ ಮತ್ತೊಂದು ಸಲ. ಯುರೋಪ್, ಅಮೆರಿಕ, ಕೆನಡಾದಲ್ಲಿ ಅಕ್ಟೋಬರಿಗೆ ಶುರುವಾಗಿ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಏರುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಉಲ್ಟಾ. ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಲ್ಲಿ ಚಳಿ, ಫ್ಲೂ ಕಾಲವೂ ಅದೇ. ಗಲ್ಫಿನಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಜಾಸ್ತಿ. ಹಜ್, ಉಮ್ರಾಗೆ ಜನ ಸೇರುವಾಗಲೂ ಎಚ್ಚರ ಬೇಕು.

ಯಾವ ದೇಶದಲ್ಲಿ ಈಗ ಹೇಗಿದೆ ಅನ್ನುವುದನ್ನು ಆ ದೇಶದ ಆರೋಗ್ಯ ಇಲಾಖೆಯ ವೆಬ್‌ಸೈಟ್‌ನಲ್ಲೇ ನೋಡಿ. ವಾಟ್ಸಾಪಿನಲ್ಲಿ ಬಂದ ಆಸ್ಪತ್ರೆ ವಿಡಿಯೋ ಯಾವ ವರ್ಷದ್ದು ಅಂತ ದೇವರಿಗೇ ಗೊತ್ತು.

ಹೋಗಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ನನ್ನ ಅಭಿಪ್ರಾಯ ಇಷ್ಟೇ. ಕೆಲಸ, ಓದು, ಬಾಣಂತನ ಆದರೆ ತಯಾರಿ ಮಾಡಿಕೊಂಡು ಹೋಗಿ. ಡಯಾಲಿಸಿಸ್ ಆಗುತ್ತಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ದಮ್ಮಿನ ಕಾಯಿಲೆ ಹತೋಟಿಗೆ ಬಾರದವರು ಸುಮ್ನೆ ಊರು ನೋಡಲು ಅಂತ ಫ್ಲೂ ಏರಿದ ತಿಂಗಳಲ್ಲೇ ಹೋಗುವುದು ಬೇಡ. ನಯಾಗರ ಎರಡು ತಿಂಗಳು ಬಿಟ್ಟು ಹೋದರೂ ಅಲ್ಲೇ ಇರುತ್ತದೆ.

2. ಲಸಿಕೆ ಹೊರಡುವ ಎರಡು ವಾರ ಮೊದಲೇ ಆಗಲಿ

ಲಸಿಕೆ ತೆಗೆದುಕೊಂಡ ಮೇಲೆ ಮೈ ತಯಾರಾಗಲು ಸುಮಾರು ಎರಡು ವಾರ ಬೇಕು. ವಿಮಾನ ಹತ್ತುವ ಹಿಂದಿನ ದಿನ ಹಾಕಿಸಿಕೊಂಡರೆ ಅಲ್ಲಿಗೆ ಹೋಗಿ ಇಳಿಯುವ ದಿನ ಅದರ ರಕ್ಷಣೆ ಇರುವುದಿಲ್ಲ.

ವೈರಸ್ ವರ್ಷ ವರ್ಷ ಬದಲಾಗುವುದರಿಂದ ಲಸಿಕೆಯೂ ಬದಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣ ಗೋಳಾರ್ಧಕ್ಕೆ ಯಾವ ತಳಿ ಹಾಕಬೇಕು ಅಂತ ಹೇಳುತ್ತದೆ. ನಮ್ಮ ದೇಶದಲ್ಲಿ ಎರಡೂ ಸಿಗುತ್ತವೆ. ಡಬ್ಬಿಯ ಮೇಲೆ ಯಾವ ಗೋಳಾರ್ಧ, ಯಾವ ವರ್ಷದ್ದು ಅಂತ ಬರೆದಿರುತ್ತದೆ. ಹೋದ ವರ್ಷ ಹಾಕಿಸಿದ್ದೇನಲ್ಲ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎಲ್ಲಿ ಹಾಕಿಸುವುದು? ಇದು ಸರಕಾರದ ಮಾಮೂಲಿ ಲಸಿಕೆ ಪಟ್ಟಿಯಲ್ಲಿ ಇಲ್ಲ, ಹೆಚ್ಚಿನವರು ದುಡ್ಡು ಕೊಟ್ಟೇ ಹಾಕಿಸಿಕೊಳ್ಳಬೇಕು. ಸಣ್ಣ ಊರುಗಳಲ್ಲಿ ಮಕ್ಕಳ ಡಾಕ್ಟರ ಹತ್ತಿರ ವಿಚಾರಿಸಿದರೆ ಬೇಗ ಪತ್ತೆಯಾಗುತ್ತದೆ. ದೊಡ್ಡವರ ಡೋಸ್ ಇದೆಯಾ ಅಂತ ಮೊದಲೇ ಫೋನ್ ಮಾಡಿ. ಇಲ್ಲದಿದ್ದರೆ ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ತರಿಸಿಕೊಡಬಹುದು. ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಮೆಡಿಕಲ್‌ನಿಂದ ಕೊಂಡು, ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ದಾರಿಯಲ್ಲಿ ಸಂತೆ ಮುಗಿಸಿಕೊಂಡು ಕ್ಲಿನಿಕ್ಕಿಗೆ ಹೋಗುವುದು ಬೇಡ. ಫ್ರಿಜ್ ಇರುವ ಕಡೆಯೇ ಹಾಕಿಸಿಕೊಳ್ಳಿ.

ಬಾಣಂತನಕ್ಕೆ ಹೋಗುವವರು ಇದನ್ನು ಖಂಡಿತ ತಪ್ಪಿಸಬಾರದು. ಆರು ತಿಂಗಳು ತುಂಬುವವರೆಗೆ ಮಗುವಿಗೆ ಫ್ಲೂ ಲಸಿಕೆ ಕೊಡುವಂತಿಲ್ಲ. ಸುತ್ತಲಿನವರಿಗೆ ಜ್ವರ ಬಾರದಿದ್ದರೇ ಆ ಮಗುವಿಗೆ ರಕ್ಷಣೆ. ಅಮೆರಿಕದ ಮಕ್ಕಳ ಡಾಕ್ಟರುಗಳು ಅಜ್ಜ ಅಜ್ಜಿಗೂ ಫ್ಲೂ ಮತ್ತು ನಾಯಿಕೆಮ್ಮಿನ ಲಸಿಕೆ ಆಗಿದೆಯಾ ಅಂತ ಕೇಳುತ್ತಾರೆ. ಅದನ್ನು ಅವಮಾನ ಅಂದುಕೊಳ್ಳಬೇಡಿ. 65 ದಾಟಿದವರು, ಸಕ್ಕರೆ ಕಾಯಿಲೆ ಇರುವವರು ನ್ಯುಮೋನಿಯಾ ಲಸಿಕೆ ಬೇಕಾ ಅಂತಲೂ ಕೇಳಿ ನೋಡಿ. ಹಜ್, ಉಮ್ರಾಗೆ ಹೊರಟವರಿಗೆ ಮೆನಿಂಜೈಟಿಸ್ ಲಸಿಕೆ ಹೇಗೂ ಕಡ್ಡಾಯ. ಅದರ ಜೊತೆಗೇ ಇದನ್ನೂ ಮುಗಿಸಬಹುದು.

ಲಸಿಕೆ ಹಾಕಿಸಿದರೂ ಫ್ಲೂ ಬರಬಹುದು. ಆದರೆ ಬಂದದ್ದು ಆಸ್ಪತ್ರೆಯವರೆಗೆ ಹೋಗುವ ಸಂಭವ ಕಮ್ಮಿ.

3. ಔಷಧಿ ಡಬ್ಬಿ: ಏನು ಹಾಕಬೇಕು, ಏನು ಬೇಡ

ಊರಿನಿಂದ ಹೊರಡುವ ಪೆಟ್ಟಿಗೆ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಉಪ್ಪಿನಕಾಯಿ, ಅಪ್ಪೆಮಿಡಿ, ಹಪ್ಪಳ, ಕಷಾಯದ ಪುಡಿ, ಮುರುಗಲು ಸಿಪ್ಪೆ. ಅದರ ಸಂದಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಗುಳಿಗೆಯ ಕಟ್ಟು. ಅರ್ಧಕ್ಕೆ ಕತ್ತರಿಸಿದ ಪಟ್ಟಿ, ಹೆಸರಿರುವ ತುದಿ ಹರಿದು ಹೋಗಿದೆ. "ಇದು ಬಿಳಿದು ಬಿಪಿಗೆ, ಇದು ಹಳದಿದು ಗ್ಯಾಸಿಗೆ." ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವರು ಕೇಳಿದರೆ ಈ ಉತ್ತರ ನಡೆಯುವುದಿಲ್ಲ. ಅಲ್ಲಿನ ಡಾಕ್ಟರಿಗೂ ಅರ್ಥವಾಗುವುದಿಲ್ಲ.

ಗುಳಿಗೆಗಳನ್ನು ಪೂರ್ತಿ ಪಟ್ಟಿಯಲ್ಲೇ, ಸಾಧ್ಯವಾದರೆ ಕಂಪನಿ ಡಬ್ಬಿಯಲ್ಲೇ ಇಡಿ. ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಹೊಸ ಚೀಟಿ ಬರೆಸಿಕೊಳ್ಳಿ. ಅದರಲ್ಲಿ ಕಂಪನಿ ಹೆಸರಿನ ಜೊತೆಗೆ ಒಳಗಿನ ಔಷಧಿಯ ಹೆಸರೂ ಇರಲಿ. ನಮ್ಮ ಬ್ರ್ಯಾಂಡುಗಳು ಗೋವಾ ಗಡಿ ದಾಟಿದರೂ ನಡೆಯುತ್ತವೆ, ಸಮುದ್ರ ದಾಟಿದರೆ ನಡೆಯುವುದಿಲ್ಲ. ಇಲ್ಲಿ ಡೋಲೋ ಅಂದರೆ ಎಲ್ಲರಿಗೂ ಗೊತ್ತು. ಅದೇ ಪ್ಯಾರಾಸಿಟಮಾಲ್ ಗಲ್ಫಿನಲ್ಲಿ ಪನಡಾಲ್, ಅಮೆರಿಕದಲ್ಲಿ ಟೈಲೆನಾಲ್. ಅಮೆರಿಕದ ಡಬ್ಬಿಯ ಮೇಲೆ ಅಸೆಟಾಮಿನೊಫೆನ್ ಅಂತ ಬರೆದಿರುತ್ತದೆ. ಇದು ಗೊತ್ತಿಲ್ಲದೆ ಡೋಲೋದ ಮೇಲೆ ಟೈಲೆನಾಲ್, ಅದರ ಮೇಲೆ ಅದೇ ಔಷಧಿ ಇರುವ ರಾತ್ರಿಯ ಕೆಮ್ಮಿನ ಸಿರಪ್ ಕುಡಿದರೆ ಒಂದೇ ಔಷಧಿ ಮೂರು ಸಲ ಹೊಟ್ಟೆಗೆ ಹೋಗುತ್ತದೆ, ಯಕೃತ್ತಿಗೆ ಪೆಟ್ಟು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. 650ರ ಗುಳಿಗೆಯಾದರೆ ಆರೇ, ಅದೂ ಹೊತ್ತು ಬಿಟ್ಟು. ಯಕೃತ್ತಿನ ತೊಂದರೆ ಇದ್ದವರಿಗೆ, ಕುಡಿಯುವವರಿಗೆ ಇನ್ನೂ ಕಮ್ಮಿ.

ಡಬ್ಬಿಯಲ್ಲಿ ಇರಲಿ: ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ಬೆರಳಿಗೆ ಹಾಕುವ ಆಕ್ಸಿಮೀಟರ್, ಎನ್95 ಮಾಸ್ಕ್ ಒಂದಿಷ್ಟು, ಕೈಗೆ ಹಚ್ಚುವ ಸ್ಯಾನಿಟೈಸರ್. ಕೈಚೀಲದಲ್ಲಿ ಇಡುವುದಾದರೆ ಸ್ಯಾನಿಟೈಸರ್ ಬಾಟಲಿ 100 ಮಿಲಿಲೀಟರ್ ಒಳಗಿರಬೇಕು. ದಿನಾ ತಗೊಳ್ಳುವ ಬಿಪಿ, ಸಕ್ಕರೆ, ಥೈರಾಯ್ಡ್ ಗುಳಿಗೆ, ದಮ್ಮಿನ ಇನ್ಹೇಲರ್ ಇವೆಲ್ಲ ಕೈಚೀಲದಲ್ಲೇ ಇರಲಿ. ವಾಪಸ್ ಬರುವ ದಿನಕ್ಕಿಂತ ಎರಡು ವಾರ ಜಾಸ್ತಿಗೇ ಇಟ್ಟುಕೊಳ್ಳಿ. ಜ್ವರ ಬಂದು ಟಿಕೆಟ್ ಮುಂದೆ ಹೋದರೆ ಬೇಕಾಗುತ್ತದೆ. ಒಸೆಲ್ಟಾಮಿವಿರ್ ಡಾಕ್ಟರ ಚೀಟಿ ಇಲ್ಲದೆ ಮಾರುವ ಗುಳಿಗೆ ಅಲ್ಲ. ವಯಸ್ಸಾದವರಿಗೆ ಜೊತೆಗೆ ಕೊಟ್ಟು ಕಳಿಸಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕೊಟ್ಟರೂ ಅಲ್ಲಿ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಶುರು ಮಾಡಿ.

ಈಗ ಬೇಡದ್ದು. ಗಲ್ಫಿಗೆ ಹೋಗುವವರು ಇದನ್ನು ಎರಡು ಸಲ ಓದಿ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಗುಳಿಗೆ ಯುಎಇಯಲ್ಲಿ ನಿಯಂತ್ರಿತ ಔಷಧಿಗಳು. ಸಕ್ಕರೆ ಕಾಯಿಲೆಯವರ ಕಾಲುರಿಗೆ ಇಲ್ಲಿ ಸಲೀಸಾಗಿ ಬರೆದುಕೊಡುವ ಪ್ರಿಗಾಬಾಲಿನ್ ಕೂಡ ಅದೇ ಪಟ್ಟಿಯಲ್ಲಿದೆ. ಬೇಕೇಬೇಕು ಅಂದರೆ ಅಲ್ಲಿನ ಸರಕಾರದಿಂದ ಆನ್‌ಲೈನ್ ಅನುಮತಿ ಮೊದಲೇ ತಗೊಳ್ಳಬೇಕು. ಸೌದಿಗೂ ಇಂಥದ್ದೇ ಎಚ್ಚರಿಕೆ. ಜಪಾನಿಗೆ ಹೊರಟವರು ಮೂಗು ಕಟ್ಟಿದ್ದಕ್ಕೆ ತಗೊಳ್ಳುವ ಗುಳಿಗೆಯಲ್ಲಿ ಸ್ಯೂಡೋಎಫೆಡ್ರಿನ್ ಇದೆಯಾ ನೋಡಿ, ಅಲ್ಲಿ ಅದಕ್ಕೆ ಬಿಗಿ ಕಾನೂನಿದೆ. ಔಷಧಿಯ ಮಾತಿನ ನಡುವೆ ಅಡುಗೆ ಸಾಮಾನಿನ ಒಂದು ಮಾತು: ಪಾಯಸಕ್ಕೆ ಅಂತ ಗಸಗಸೆ ಕಟ್ಟಿಕೊಂಡು ಯುಎಇ, ಸೌದಿಗೆ ಹೋಗಲೇಬೇಡಿ. ಅಲ್ಲಿ ಅದು ಮಾದಕವಸ್ತುವಿನ ಲೆಕ್ಕಕ್ಕೆ ಬರುತ್ತದೆ.

ಕಷಾಯದ ಪುಡಿ ಒಯ್ಯಬಹುದಾ? ಅಮೆರಿಕಕ್ಕೆ ಒಯ್ಯಬಹುದು. ಆದರೆ ಅಲ್ಲಿಗೆ ಹೋಗುವ ವಿಮಾನದಲ್ಲಿ ಪುಡಿ ಜಾಸ್ತಿ ಇದ್ದರೆ ಕೈಚೀಲ ಬಿಚ್ಚಿಸುತ್ತಾರೆ, ಅದಕ್ಕೆ ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ತಿನ್ನುವ ಸಾಮಾನು ಏನೇ ಇದ್ದರೂ ಫಾರ್ಮಿನಲ್ಲಿ ಬರೆದು ತೋರಿಸಬೇಕು. ಶಿರಸಿ ಜೇನು ನ್ಯೂಜಿಲೆಂಡ್‌ಗೆ ಒಯ್ಯುವಂತೆಯೇ ಇಲ್ಲ. ಕಷಾಯ ಗಂಟಲಿಗೆ ಹಿತ, ನನಗೂ ಇಷ್ಟ. ಆದರೆ ಕಷಾಯ ಕುಡಿದು ನೋಡೋಣ ಅಂತ ಮೂರು ದಿನ ಕಾದರೆ 48 ಗಂಟೆ ಯಾವಾಗಲೋ ದಾಟಿರುತ್ತದೆ.

4. ಒಂದು ಹಾಳೆ

ಫೋನಿನಲ್ಲಿ ಇಟ್ಟುಕೊಂಡಿದ್ದೇನೆ ಅನ್ನಬೇಡಿ, ಕಾಗದದ ಮೇಲೆ ಬರೆಯಿರಿ. ಎರಡು ಪ್ರತಿ ಮಾಡಿ. ಒಂದು ಪಾಸ್‌ಪೋರ್ಟ್ ಜೊತೆ ಇರಲಿ, ಇನ್ನೊಂದು ಮಲಗುವ ಜಾಗದ ಹತ್ತಿರ ಇರಲಿ. ಬರೆಯಬೇಕಾದದ್ದು: ಹೆಸರು, ವಯಸ್ಸು, ಇರುವ ಕಾಯಿಲೆ, ತಗೊಳ್ಳುವ ಔಷಧಿ, ಯಾವ ಔಷಧಿ ಆಗಿಬರುವುದಿಲ್ಲ, ಲಸಿಕೆ ಹಾಕಿಸಿದ ದಿನ, ಇನ್ಶೂರೆನ್ಸ್ ಪಾಲಿಸಿ ನಂಬರ್, ಅವರ 24 ಗಂಟೆಯ ಫೋನ್, ಅಲ್ಲಿ ನಿಮ್ಮ ಮನೆಯ ಪೂರ್ತಿ ವಿಳಾಸ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಆಂಬುಲೆನ್ಸಿನವರಿಗೆ ಬೇಕಾಗುವುದು ಅದೇ.

ತುರ್ತು ನಂಬರೂ ಅದರಲ್ಲೇ ಇರಲಿ. ಅಮೆರಿಕ, ಕೆನಡಾ 911. ಯುರೋಪಿನ ದೇಶಗಳಲ್ಲಿ 112. ಬ್ರಿಟನ್ 999, ತುರ್ತಲ್ಲದ ಸಲಹೆಗೆ 111. ಯುಎಇ ಆಂಬುಲೆನ್ಸ್ 998, ಸೌದಿ 997, ಕತಾರ್ 999, ಒಮಾನ್ 9999, ಕುವೈತ್ 112. ಆಸ್ಟ್ರೇಲಿಯಾ 000. ಸಿಂಗಾಪುರ 995. ಜಪಾನ್ 119. ಜರ್ಮನಿಯಲ್ಲಿ ರಾತ್ರಿ ಅಥವಾ ರಜೆ ದಿನ ಡಾಕ್ಟರ್ ಬೇಕಾದರೆ 116117.

ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಇರಲೇಬೇಕು, ಆದ್ದರಿಂದ ಅಲ್ಲಿಗೆ ಹೋಗುವವರು ಮಾಡಿಸಿರುತ್ತಾರೆ. ಅಮೆರಿಕದ ವಿಸಿಟರ್ ವೀಸಾಕ್ಕೆ ಕಡ್ಡಾಯ ಇಲ್ಲ. ಅದಕ್ಕೇ ಎಷ್ಟೋ ಅಪ್ಪ ಅಮ್ಮಂದಿರು ವಿಮೆ ಇಲ್ಲದೆ ಹೋಗುತ್ತಾರೆ. ಅಲ್ಲಿ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರೆ ಬರುವ ಬಿಲ್ಲಿಗೆ ಇಲ್ಲಿನ ಅಡಿಕೆ ಕೊಯ್ಲಿನ ದುಡ್ಡು ಸಾಲದು. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆ ಫ್ಲೂನಿಂದ ಕೆಟ್ಟರೆ ಕೊಡುತ್ತೀರಾ? ದುಡ್ಡನ್ನು ನೀವೇ ಆಸ್ಪತ್ರೆಗೆ ಕಟ್ಟುತ್ತೀರಾ, ನಾವು ಕಟ್ಟಿ ಆಮೇಲೆ ಕೇಳಬೇಕಾ? ಯುಎಇ, ಸೌದಿಯಲ್ಲಿ ಕೆಲಸಕ್ಕಿರುವವರಿಗೆ ಕಂಪನಿಯೇ ಇನ್ಶೂರೆನ್ಸ್ ಮಾಡಿಸಬೇಕು. ಹೋದ ಮೊದಲ ವಾರವೇ ಕಾರ್ಡ್ ಕೇಳಿ ಪಡೆದು, ಅದು ನಡೆಯುವ ಹತ್ತಿರದ ಕ್ಲಿನಿಕ್ ಯಾವುದು ಅಂತ ಒಂದು ಶುಕ್ರವಾರ ನಡೆದುಕೊಂಡೇ ಹೋಗಿ ನೋಡಿ ಬನ್ನಿ.

5. ದಾರಿಯಲ್ಲಿ

ವಿಮಾನ ಹತ್ತಲು ಕಾರವಾರದವರಿಗೆ ಗೋವಾದ ದಾಬೋಲಿಮ್ ಇಲ್ಲಾ ಮೋಪಾ, ಭಟ್ಕಳದವರಿಗೆ ಮಂಗಳೂರು, ಶಿರಸಿಯವರಿಗೆ ರಾತ್ರಿ ಬಸ್ಸು ಹಿಡಿದು ಬೆಂಗಳೂರು. ಎಲ್ಲರಿಗೂ ವಿಮಾನದ ಬಗ್ಗೆಯೇ ಹೆದರಿಕೆ. ವಿಮಾನದ ಗಾಳಿ ಸೂಕ್ಷ್ಮ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ದಾಟಿ ಬರುತ್ತದೆ, ಗಂಟೆಗೆ ಇಪ್ಪತ್ತಕ್ಕೂ ಜಾಸ್ತಿ ಸಲ ಬದಲಾಗುತ್ತದೆ. ಕಿಟಕಿ ಮುಚ್ಚಿದ ಎಸಿ ಸ್ಲೀಪರ್ ಬಸ್ಸಿಗೆ ಆ ಭಾಗ್ಯ ಇಲ್ಲ. ಮಾಸ್ಕ್ ಹಾಕುವುದಾದರೆ ಬಸ್ಸಿನಲ್ಲೇ ಶುರು ಮಾಡಿ. ವಿಮಾನದಲ್ಲಿ ಜನ ಹತ್ತುವಾಗ, ಇಳಿಯುವಾಗ, ಲೈನಿನಲ್ಲಿ ಒತ್ತಿ ನಿಂತಾಗ ತೆಗೆಯಬೇಡಿ. ಅಪಾಯ ಜಾಸ್ತಿ ಇರುವುದು ಹತ್ತಿರ ಕೂತವರಿಂದ. ಕಿಟಕಿ ಸೀಟಿನಲ್ಲಿ ಕೂತು ಓಡಾಡದೆ ಇದ್ದರೆ ಹತ್ತಿರ ಬರುವ ಜನ ಕಮ್ಮಿ. ತಲೆ ಮೇಲಿನ ಗಾಳಿಯ ತೂತು ತೆರೆದಿಡಿ.

ಹೊರಡುವ ದಿನ ನಿಮಗೇ ಜ್ವರ ಇದ್ದರೆ? ಪ್ಯಾರಾಸಿಟಮಾಲ್ ನುಂಗಿ ಮೈ ತಣ್ಣಗೆ ಮಾಡಿಕೊಂಡು ಹೋಗುವವರಿದ್ದಾರೆ. ಹಾಗೆ ಮಾಡಬೇಡಿ. 2009ರಲ್ಲಿ ಎಚ್1ಎನ್1 (ಹಂದಿಜ್ವರ) ಏಪ್ರಿಲ್‌ನಲ್ಲಿ ಮೆಕ್ಸಿಕೊ, ಅಮೆರಿಕದಲ್ಲಿ ಕಂಡಿತು. ಮೇ ತಿಂಗಳಲ್ಲೇ ಅಮೆರಿಕದಿಂದ ಬಂದ ಪ್ರಯಾಣಿಕರೊಬ್ಬರ ಮೂಲಕ ಹೈದರಾಬಾದಿನಲ್ಲಿ ಪತ್ತೆಯಾಯಿತು. ಜೂನ್ 11ಕ್ಕೆ ಅದನ್ನು ಜಾಗತಿಕ ಪಿಡುಗು ಅಂತ ಘೋಷಿಸಿದರು. ಅಷ್ಟು ಬೇಗ ಹಬ್ಬಿದ್ದು ವಿಮಾನ ಹತ್ತಿದವರಿಂದಲೇ. ಡಾಕ್ಟರ ಸರ್ಟಿಫಿಕೇಟ್ ಇದ್ದರೆ ಟಿಕೆಟ್ ದಿನ ಬದಲಾಯಿಸಲು ಕೆಲವು ಏರ್‌ಲೈನ್, ಟ್ರಾವೆಲ್ ಇನ್ಶೂರೆನ್ಸ್ ಒಪ್ಪುತ್ತವೆ. ಕೇಳಿ ನೋಡಿ.

6. ಇರುವ ಕೋಣೆಯೇ ಮುಖ್ಯ

ದುಬೈಯ ದೇರಾದ ಒಂದು ಬ್ಯಾಚುಲರ್ ಕೋಣೆ ಅಂದುಕೊಳ್ಳಿ. ಮೂರು ಎರಡಂತಸ್ತಿನ ಮಂಚ, ಆರು ಜನ, ಒಂದು ಎಸಿ, ಒಂದೇ ಬಾತ್‌ರೂಮು. ಕಿಟಕಿಯ ಸಂದಿಗೆ ತಂಪು ಹೊರಗೆ ಹೋಗದಂತೆ ಟೇಪು ಅಂಟಿಸಿದ್ದಾರೆ. ಗೋಡೆಯ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಒಬ್ಬ ಕೆಮ್ಮಿದ ಗಾಳಿ ರಾತ್ರಿಯೆಲ್ಲ ಆರೂ ಜನರ ಮೂಗಿಗೆ ಹೋಗುತ್ತದೆ. ಫ್ಲೂ ಬಂದವನು ಜ್ವರ ಕಾಣಿಸುವ ಒಂದು ದಿನ ಮೊದಲೇ ಬೇರೆಯವರಿಗೆ ಅಂಟಿಸಲು ಶುರು ಮಾಡಿರುತ್ತಾನೆ. ಆಮೇಲೂ ಐದರಿಂದ ಏಳು ದಿನ ಅಂಟಿಸಬಲ್ಲ.

ಬೇರೆ ಕೋಣೆ ಸಿಗುವುದಿಲ್ಲ ಅಂತ ಇಟ್ಟುಕೊಂಡೇ ಹೇಳುತ್ತೇನೆ. ಮೊದಲು ಆ ಟೇಪು ಕಿತ್ತು ಹಾಕಿ. ಬೆಳಿಗ್ಗೆ, ಸಂಜೆ, ಮಲಗುವ ಮೊದಲು ಕಿಟಕಿ, ಬಾಗಿಲು ಎರಡನ್ನೂ ಸ್ವಲ್ಪ ಹೊತ್ತು ತೆರೆದಿಡಿ. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಓಡುತ್ತಲೇ ಇರಲಿ. ಕಾಯಿಲೆಯವನಿಗೆ ಕಿಟಕಿಯ ಪಕ್ಕದ ಕೆಳಗಿನ ಮಂಚ ಬಿಟ್ಟುಕೊಡಿ. ಪಕ್ಕಪಕ್ಕದ ಮಂಚದವರು ಒಬ್ಬನ ತಲೆಯ ಕಡೆ ಇನ್ನೊಬ್ಬನ ಕಾಲು ಬರುವಂತೆ ಮಲಗಿ. ಹಗಲು ಡ್ಯೂಟಿಯವನ ಹಾಸಿಗೆಯಲ್ಲೇ ನೈಟ್ ಡ್ಯೂಟಿಯವನೂ ಮಲಗುವ ಪದ್ಧತಿ ಇದ್ದರೆ ಚಾದರ, ತಲೆದಿಂಬಿನ ಕವರು ಬೇರೆ ಬೇರೆ. ಟವೆಲ್, ಲೋಟ, ಫೋನ್ ಚಾರ್ಜರ್ ಕೂಡ ಹಂಚಿಕೊಳ್ಳಬೇಡಿ. ಗಟ್ಟಿ, ನುಣುಪಾದ ವಸ್ತುವಿನ ಮೇಲೆ ವೈರಸ್ ಒಂದೆರಡು ದಿನ ಉಳಿಯಬಲ್ಲದು. ಬಾಗಿಲ ಹಿಡಿ, ನಲ್ಲಿ, ಎಸಿ ರಿಮೋಟ್ ದಿನಾ ಒರೆಸಿ.

ಅಡುಗೆ ಸರದಿ ಒಂದು ಸೂಕ್ಷ್ಮ ವಿಷಯ. ಜ್ವರ ಬಂದರೂ ಸರದಿ ತಪ್ಪಿಸಿದರೆ ಏನಂದುಕೊಳ್ಳುತ್ತಾರೋ ಅಂತ ಒಲೆ ಮುಂದೆ ನಿಲ್ಲುವವರಿದ್ದಾರೆ. ಕೋಣೆಯ ಹಿರಿಯ ಒಬ್ಬ "ಏ ತಮ್ಮಾ, ಮೂರು ದಿನ ನೀನು ಪಾತ್ರೆ ಮುಟ್ಟಬೇಡ, ನಿಂದು ಮುಂದಿನ ವಾರ ಮಾಡು" ಅಂತ ಹೇಳಿಬಿಟ್ಟರೆ ಆಯಿತು.

ಮಗನ ಇಲ್ಲಾ ಮಗಳ ಮನೆಯ ಕಥೆ ಬೇರೆ. ಅಲ್ಲಿ ಕೋಣೆ ಇರುತ್ತದೆ, ಜಾಗ ಇರುತ್ತದೆ. ತೊಂದರೆ ಏನೆಂದರೆ ಅಮ್ಮ ಬಾಯಿ ಬಿಡುವುದಿಲ್ಲ. ಮಗ "ಆಯಿ, ಮೈ ಹುಷಾರಿದ್ದಾ?" ಅಂತ ಕೇಳಿದರೆ "ಎಂತೂ ಆಜಿಲ್ಲೆ ತಮಾ, ಸ್ವಲ್ಪ ಥಂಡಿ ಆಯ್ದು ಅಷ್ಟೇಯ" ಅನ್ನುತ್ತಾಳೆ. ಮಕ್ಕಳಿಗೆ ಖರ್ಚಾಗುತ್ತದೆ, ರಜೆ ಹಾಕಬೇಕಾಗುತ್ತದೆ ಅಂತ ಅವಳ ಲೆಕ್ಕ. ವಯಸ್ಸಾದವರಿಗೆ ಫ್ಲೂ ಬಂದರೂ ಕೆಲವು ಸಲ ಜ್ವರವೇ ಏರುವುದಿಲ್ಲ. ಸುಸ್ತು, ಊಟ ಬೇಡ ಅನ್ನುವುದು, ಮಾತಿನಲ್ಲಿ ಗಲಿಬಿಲಿ ಇಷ್ಟೇ ಕಾಣಬಹುದು. ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಫ್ಲೂ ಬಂದಿದೆ ಅಂದರೆ ಅಪ್ಪ ಅಮ್ಮನನ್ನು ಕೇಳುತ್ತಾ ಕೂರಬೇಡಿ. ಬೆಳಿಗ್ಗೆ, ಸಂಜೆ ಥರ್ಮಾಮೀಟರ್, ಆಕ್ಸಿಮೀಟರ್ ಹಿಡಿದು ನೀವೇ ನೋಡಿ. ಅಜ್ಜಿಗೆ ಥಂಡಿ ಇದ್ದಷ್ಟು ದಿನ ಮಗುವಿನ ಸ್ನಾನ ಬೇರೆಯವರು ಮಾಡಿಸಲಿ. ಮಗುವಿಗೆ ಹಾಲು ಕೊಡುವ ತಾಯಿಗೇ ಫ್ಲೂ ಬಂದರೆ ಹಾಲು ನಿಲ್ಲಿಸಬೇಕಿಲ್ಲ. ಮಾಸ್ಕ್ ಹಾಕಿ, ಕೈ ತೊಳೆದು ಕೊಡಬಹುದು.

ಹಡಗಿನವರಿಗೆ ಹೆಚ್ಚು ಹೇಳುವುದಿಲ್ಲ. ಸರಕು ಹಡಗಿನಲ್ಲಿ ಡಾಕ್ಟರ್ ಇರುವುದಿಲ್ಲ, ಔಷಧಿ ಪೆಟ್ಟಿಗೆ ಒಬ್ಬ ಆಫೀಸರ್ ಕೈಯಲ್ಲಿರುತ್ತದೆ, ಅವರು ರೇಡಿಯೋ ಅಥವಾ ಫೋನಿನಲ್ಲಿ ದಡದ ಡಾಕ್ಟರನ್ನು ಕೇಳುತ್ತಾರೆ. ಜ್ವರ ಬಂದ ಗಂಟೆಯಲ್ಲೇ ಅವರಿಗೆ ಹೇಳಿ. ಮುಚ್ಚಿಟ್ಟರೆ ಮೆಸ್ಸಿನಲ್ಲಿ ಕೂತ ಎಲ್ಲರಿಗೂ ಬರುತ್ತದೆ, ಮುಂದಿನ ಬಂದರಿನಲ್ಲಿ ಕ್ಯಾಪ್ಟನ್ ಆರೋಗ್ಯದ ಹೇಳಿಕೆ ಕೊಡುವಾಗ ಹೊರಬರುತ್ತದೆ. 1918ರಲ್ಲಿ ಆ ದೊಡ್ಡ ಫ್ಲೂ ಮುಂಬೈಗೆ ಬಂದು ಇಳಿದದ್ದೂ ಹಡಗಿನಿಂದಲೇ.

7. ಜ್ವರ ಬಂತು. ಈಗ?

ಫ್ಲೂ ಮತ್ತು ಬರಿಯ ನೆಗಡಿಗೆ ಒಂದು ವ್ಯತ್ಯಾಸ ಇದೆ. ನೆಗಡಿ ಮೆಲ್ಲಗೆ ಬರುತ್ತದೆ. ಫ್ಲೂ ಮಧ್ಯಾಹ್ನ ಚೆನ್ನಾಗಿದ್ದವನನ್ನು ಸಂಜೆಗೆ ಮಲಗಿಸುತ್ತದೆ. ಚಳಿ, ಮೈಕೈ ನೋವು, ತಲೆನೋವು, ಒಣಕೆಮ್ಮು. ವೈರಸ್ ತಗುಲಿದ ಒಂದರಿಂದ ನಾಲ್ಕು ದಿನದಲ್ಲಿ ಶುರುವಾಗುತ್ತದೆ.

ಜ್ವರ ಶುರುವಾದ ಹೊತ್ತನ್ನು ಆ ಹಾಳೆಯ ಹಿಂದೆ ಬರೆಯಿರಿ. 48 ಗಂಟೆ ಎಣಿಸುವುದು ಅಲ್ಲಿಂದ. ಅಮೆರಿಕ ಬಿಟ್ಟರೆ ಹೆಚ್ಚಿನ ಕಡೆ ಜ್ವರವನ್ನು ಸೆಲ್ಸಿಯಸ್‌ನಲ್ಲಿ ಕೇಳುತ್ತಾರೆ. 38 ಅಂದರೆ ನಮ್ಮ 100.4, 39 ಅಂದರೆ 102.2, 40 ಅಂದರೆ 104.

ಆಮೇಲೆ ಫೋನ್. ಅಮೆರಿಕದಲ್ಲಾದರೆ ಇನ್ಶೂರೆನ್ಸಿನವರಿಗೆ ಫೋನ್ ಮಾಡಿ ಹತ್ತಿರದ ಅರ್ಜೆಂಟ್ ಕೇರ್ ಕ್ಲಿನಿಕ್ ಯಾವುದು ಕೇಳಿ. ಆಸ್ಪತ್ರೆಯ ಎಮರ್ಜೆನ್ಸಿಗೆ ಸಾದಾ ಜ್ವರಕ್ಕೆ ಹೋದರೆ ಕಾಯುವುದೂ ಜಾಸ್ತಿ, ಬಿಲ್ಲೂ ಜಾಸ್ತಿ. ಫ್ಲೂ, ಕೋವಿಡ್ ಎರಡನ್ನೂ ಮನೆಯಲ್ಲೇ ನೋಡುವ ಕಿಟ್ ಅಲ್ಲಿನ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಬ್ರಿಟನ್, ಜರ್ಮನಿಯಲ್ಲಿ ಸುಮ್ನೆ ಕ್ಲಿನಿಕ್ಕಿಗೆ ನುಗ್ಗುವಂತಿಲ್ಲ, ಮೊದಲು ಫೋನ್ ಮಾಡಬೇಕು. 65 ದಾಟಿದವರು, ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ದಮ್ಮು, ಸಕ್ಕರೆ, ಹೃದಯ, ಕಿಡ್ನಿ ಕಾಯಿಲೆಯವರು ಇದ್ದರೆ ಫೋನಿನಲ್ಲಿ ಅದನ್ನೇ ಮೊದಲು ಹೇಳಿ. ಒಸೆಲ್ಟಾಮಿವಿರ್ ಮುಖ್ಯವಾಗಿ ಬೇಕಾಗುವುದು ಇವರಿಗೆ. ಗಟ್ಟಿಮುಟ್ಟಾದ ಇಪ್ಪತ್ತೈದರ ಹುಡುಗನಿಗೆ ಡಾಕ್ಟರ್ ಬರೀ ವಿಶ್ರಾಂತಿ, ನೀರು, ಪ್ಯಾರಾಸಿಟಮಾಲ್ ಅಂತ ಹೇಳಿ ಕಳಿಸಬಹುದು. ಸಿಟ್ಟಾಗಬೇಡಿ. ಒಂದು ಇಂಜೆಕ್ಷನ್ ಆದರೂ ಹಾಕಿ ಅಂತ ಕೇಳಿದರೆ ಅವರಿಗೆ ಯಾಕೆ ಅಂತಲೇ ತಿಳಿಯುವುದಿಲ್ಲ.

ಊರಿನಿಂದ ತಂದ ಅಜಿತ್ರೊಮೈಸಿನ್ ಪಟ್ಟಿ ಬಿಚ್ಚಬೇಡಿ. ಅದು ಬ್ಯಾಕ್ಟೀರಿಯಾಕ್ಕೆ, ಫ್ಲೂ ವೈರಸ್‌ಗೆ ಅದರಿಂದ ಏನೂ ಆಗುವುದಿಲ್ಲ. ಮಕ್ಕಳಿಗೆ, ಹದಿಹರೆಯದವರಿಗೆ ಆಸ್ಪಿರಿನ್ ಕೊಡಲೇಬಾರದು. ಫ್ಲೂ ಇರುವಾಗ ಕೊಟ್ಟರೆ ಮಿದುಳು, ಯಕೃತ್ತಿಗೆ ಅಪಾಯವಾಗುವ ರೇಸ್ ಸಿಂಡ್ರೋಮ್ ಬರಬಹುದು.

ನಮ್ಮ ಜಿಲ್ಲೆಯವರು ಇನ್ನೊಂದು ಮಾತನ್ನು ಖಂಡಿತ ಹೇಳಬೇಕು: "ನಾನು ಇಂಥ ದಿನ ಭಾರತದಿಂದ ಬಂದೆ." ಹೋಗಿ ಒಂದೆರಡು ವಾರದಲ್ಲಿ ಬಂದ ಜ್ವರ ಫ್ಲೂವೇ ಆಗಬೇಕಿಲ್ಲ. ಮಳೆಗಾಲದಲ್ಲಿ ಕರಾವಳಿಯಿಂದ ಹೊರಟವರಿಗೆ ಡೆಂಗಿ, ಮಲೇರಿಯಾ, ಗದ್ದೆ ಕೆಲಸ ಮಾಡಿದವರಿಗೆ ಇಲಿ ಜ್ವರ. ಡಿಸೆಂಬರಿನಿಂದ ಮೇವರೆಗೆ ಸಿದ್ದಾಪುರ, ಹೊನ್ನಾವರದ ಕಾಡಂಚಿನಿಂದ ಹೊರಟವರಿಗೆ ಮಂಗನ ಕಾಯಿಲೆ. ಅದು ಉಣ್ಣಿ ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಶುರುವಾಗುತ್ತದೆ. ಬೋಸ್ಟನ್ನಿನ ಡಾಕ್ಟರು ಈ ಹೆಸರು ಕೇಳಿಯೇ ಇರಲಿಕ್ಕಿಲ್ಲ. ಹಾಳೆಯ ಮೇಲೆ ಕ್ಯಾಸನೂರು ಫಾರೆಸ್ಟ್ ಡಿಸೀಸ್ ಅಂತ ಇಂಗ್ಲಿಷಿನಲ್ಲಿ ಬರೆದು ತೋರಿಸಿ, ತೋಟಕ್ಕೋ ಸೊಪ್ಪಿನ ಬೆಟ್ಟಕ್ಕೋ ಹೋಗಿದ್ದನ್ನು ಹೇಳಿ. ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಐಬುಪ್ರೊಫೇನ್, ಆಸ್ಪಿರಿನ್ ಬೇಡ.

ರಜೆಯ ವಿಷಯ. ಕೆಲಸ ಹೋಗುತ್ತದೆ ಅಂತ ಹೆದರಿ ಜ್ವರದಲ್ಲೇ ಸೈಟಿಗೆ ಹೋಗುವವರು ನಮ್ಮಲ್ಲಿ ಬಹಳ. ಯುಎಇ ಕಾನೂನಿನಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ ಇದೆ. ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ. ಆದರೆ ಮೂರು ಕೆಲಸದ ದಿನದೊಳಗೆ ಕಂಪನಿಗೆ ತಿಳಿಸಬೇಕು, ಡಾಕ್ಟರ ರಿಪೋರ್ಟ್ ಇರಬೇಕು. ಬಾಯಲ್ಲಿ ಹೇಳಿ ಬಿಡಬೇಡಿ, ಫೋರ್‌ಮನ್‌ಗೆ ಮೆಸೇಜ್ ಹಾಕಿ, ಅದು ದಾಖಲೆಯಾಗಿ ಉಳಿಯುತ್ತದೆ. ಜರ್ಮನಿಯಲ್ಲಿ ಮೂರು ದಿನ ದಾಟಿದರೆ ಸರ್ಟಿಫಿಕೇಟ್ ಬೇಕು, ಕೆಲವು ಕಂಪನಿಗಳು ಮೊದಲ ದಿನವೇ ಕೇಳುತ್ತವೆ. ಬ್ರಿಟನ್ನಿನಲ್ಲಿ ಏಳು ದಿನದವರೆಗೆ ನೀವೇ ಬರೆದುಕೊಟ್ಟರೆ ಸಾಕು.

ಹೊರಗೆ ಹೋಗಲು ಶುರು ಮಾಡುವುದು ಯಾವಾಗ? ಜ್ವರದ ಗುಳಿಗೆ ಇಲ್ಲದೆ 24 ಗಂಟೆ ಜ್ವರ ಬಾರದೆ ಇದ್ದ ಮೇಲೆ. ಮುಂದಿನ ಐದು ದಿನ ಮಾಸ್ಕ್ ಇರಲಿ.

8. ಊಟ

ಗಂಜಿ. ಕುಚಲಕ್ಕಿ ಸಿಗದಿದ್ದರೆ ಯಾವ ಅಕ್ಕಿಯಾದರೂ ಆಯಿತು, ಉಪ್ಪು ಹಾಕಿ ತೆಳ್ಳಗೆ. ಮುರುಗಲು ಸಿಪ್ಪೆ ನೆನೆಸಿದ ನೀರು, ಸಾರು, ಬಿಸಿನೀರು. ಮೂತ್ರ ಹಳದಿಯಾದರೆ ಇನ್ನಷ್ಟು ಕುಡಿಯಿರಿ. ಸಕ್ಕರೆ ಕಾಯಿಲೆಯವರು ಊಟ ಬಿಟ್ಟರೂ ಗುಳಿಗೆ, ಇನ್ಸುಲಿನ್ ತಾವಾಗಿ ನಿಲ್ಲಿಸಬಾರದು, ಡಾಕ್ಟರನ್ನು ಕೇಳಬೇಕು. ಒಂದು ವರ್ಷದೊಳಗಿನ ಮಗುವಿಗೆ ಕೆಮ್ಮಿಗೆ ಅಂತ ಜೇನು ನೆಕ್ಕಿಸಬೇಡಿ. ಸೌದಿಯಲ್ಲಿ ಇರುವವರು ಹಸಿ ಒಂಟೆ ಹಾಲು ಕುಡಿಯಬೇಡಿ. 2012ರಲ್ಲಿ ಅಲ್ಲೇ ಮೊದಲು ಪತ್ತೆಯಾದ, ಉಸಿರಾಟದ ಕೆಟ್ಟ ಕಾಯಿಲೆ ತರುವ ಮರ್ಸ್ ವೈರಸ್ ಒಂಟೆಗಳಲ್ಲಿದೆ. ಅಮೆರಿಕದ ಡೇರಿಗಳ ಹಸುಗಳಲ್ಲಿ 2024ರಿಂದ ಹಕ್ಕಿಜ್ವರದ ವೈರಸ್ ಸಿಕ್ಕಿದೆ, ಅಲ್ಲೂ ಹಾಲು ಕಾಯಿಸಿಯೇ ಕುಡಿಯಿರಿ. ಜೀವಂತ ಕೋಳಿ ಮಾರುವ ಮಾರುಕಟ್ಟೆಗಳಿಗೆ ಹೋಗದಿದ್ದರೆ ಒಳ್ಳೆಯದು.

9. ಕಾಯಬಾರದ ಲಕ್ಷಣಗಳು

ಇವುಗಳಲ್ಲಿ ಒಂದು ಕಂಡರೂ ಖರ್ಚು, ಭಾಷೆ, ರಜೆ ಯಾವುದನ್ನೂ ನೋಡದೆ ತುರ್ತು ನಂಬರಿಗೆ ಫೋನ್ ಮಾಡಿ. ಉಸಿರಾಡಲು ಕಷ್ಟ. ಎದೆಯಲ್ಲಿ ನೋವು ಅಥವಾ ಒತ್ತಡ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ಇಳಿದು ಮೇಲೆ ಬರುತ್ತಿಲ್ಲ. ತುಟಿ ನೀಲಿ. ಎಬ್ಬಿಸಿದರೆ ಸರಿಯಾಗಿ ಎಚ್ಚರಾಗುತ್ತಿಲ್ಲ, ಮಾತು ತಪ್ಪುತ್ತಿದೆ. ಮಗುವಿಗೆ ಉಸಿರಾಡುವಾಗ ಪಕ್ಕೆಲುಬಿನ ಸಂದಿ ಒಳಗೆ ಎಳೆಯುತ್ತಿದೆ, ಎಂಟು ಗಂಟೆಯಿಂದ ಮೂತ್ರ ಹೋಗಿಲ್ಲ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೂ ತಕ್ಷಣ ಡಾಕ್ಟರು.

ಜನ ತಪ್ಪಿಸಿಕೊಳ್ಳುವ ಲಕ್ಷಣ ಒಂದಿದೆ. ಜ್ವರ ಬಿಟ್ಟಿತು, ಎರಡು ದಿನ ಹುಷಾರು, ಆಮೇಲೆ ಮತ್ತೆ ಜ್ವರ ಏರಿ ಕೆಮ್ಮು ಕಫ ಜೋರಾಯಿತು. ಅದು ಫ್ಲೂ ಮೇಲೆ ನ್ಯುಮೋನಿಯಾ ಹತ್ತಿರಬಹುದು. ಆಗ ಡಾಕ್ಟರು ಆ್ಯಂಟಿಬಯಾಟಿಕ್ ಕೊಟ್ಟರೆ ತಗೊಳ್ಳಲೇಬೇಕು.

10. ವಾಪಸ್ ಬಂದ ಮೇಲೆ

ಗಲ್ಫಿನಿಂದ ರಜೆಗೆ ಬಂದ ಮೊದಲ ದಿನ ಮನೆ ಹೇಗಿರುತ್ತದೆ ಗೊತ್ತಲ್ವಾ. ಅಜ್ಜಿ ಪಕ್ಕದಲ್ಲೇ ಕೂತಿರುತ್ತಾಳೆ, ಅಕ್ಕನ ಮಕ್ಕಳು ಮೈಮೇಲೆ, ನೆರೆಕೆರೆಯವರು ಜಗಲಿಯಲ್ಲಿ. ಅಲ್ಲಿ ಫ್ಲೂ ಜೋರಿದ್ದಾಗ ಬಂದವರು ಮೊದಲ ನಾಲ್ಕು ದಿನ ಹಾಸಿಗೆ ಹಿಡಿದ ಹಿರಿಯರ ಹತ್ತಿರ, ಎಳೆ ಮಕ್ಕಳ ಹತ್ತಿರ ಮಾಸ್ಕ್ ಹಾಕಿಕೊಳ್ಳಿ. ಮದುವೆ, ಜಾತ್ರೆ ಆ ನಾಲ್ಕು ದಿನ ಬಿಟ್ಟು ಹೋಗಿ. ಚಾಕಲೇಟ್ ಡಬ್ಬಿ ಹಂಚಲು ಅಡ್ಡಿ ಇಲ್ಲ.

ಬಂದ ಹತ್ತು ದಿನದೊಳಗೆ ಜ್ವರ ಬಂದರೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ನಿಮ್ಮ ತಾಲ್ಲೂಕು ಆಸ್ಪತ್ರೆಗೋ ಹೋಗಿ, ಯಾವ ದೇಶದಿಂದ ಯಾವ ದಿನ ಬಂದೆ ಅಂತ ಚೀಟಿ ಮಾಡಿಸುವಾಗಲೇ ಹೇಳಿ. ಸೌದಿಯಿಂದ ಬಂದವರು ಒಂಟೆ ಹತ್ತಿರ ಹೋಗಿದ್ದರೆ ಅದನ್ನೂ ಸೇರಿಸಿ, ಅವರಿಗೆ ಹತ್ತರ ಬದಲು ಹದಿನಾಲ್ಕು ದಿನದ ಲೆಕ್ಕ. ಅಲ್ಲಿ ತಗೊಂಡ ಔಷಧಿಯ ಡಬ್ಬಿ ಎಸೆಯದೆ ಜೊತೆಗೇ ಒಯ್ಯಿರಿ.